ಹಳೆಯ ಮಿಲಿಟರಿ ಟ್ರಕ್‌ನ ಎಂಜಿನ್‌ನಲ್ಲಿ ಟಕ್ ಟಕ್ ಸದ್ದು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಡೀಸೆಲ್ ಎಂಜಿನ್ ಅಂದಮೇಲೆ ಸದ್ದು ಇದ್ದೇ ಇರುತ್ತದೆ. ಅದರಲ್ಲೂ ಐವತ್ತು ವರ್ಷ ಹಿಂದಿನ ಮಿಲಿಟರಿ ಟ್ರಕ್ ಆದರೆ, ಸ್ಟಾರ್ಟ್ ಮಾಡಿದ ಕೂಡಲೇ ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಆ ಗದ್ದಲದ ನಡುವೆ ಒಂದು ದಿನ ಹೊಸದೊಂದು ಟಕ್ ಟಕ್ ಸೇರಿಕೊಂಡರೆ? ಅದು ಸಣ್ಣದೊಂದು ಗ್ಯಾಸ್ಕೆಟ್ ಸೋರಿಕೆ ಇರಬಹುದು. ಇನ್ನು ಹತ್ತು ಕಿಲೋಮೀಟರ್ ಓಡಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಬ್ಲಾಕ್ ಸೀಳಿಕೊಂಡು ಹೊರಬರುವ ಮುನ್ಸೂಚನೆಯೂ ಇರಬಹುದು. ಅಭ್ಯಾಸವಿಲ್ಲದ ಕಿವಿಗೆ ಮೊದಮೊದಲು ಎರಡೂ ಒಂದೇ ಥರ ಕೇಳಿಸುತ್ತವೆ.

ಇಲ್ಲಿ ತಪ್ಪು ಅಂದಾಜು ಎರಡೂ ಕಡೆಯಿಂದ ದುಬಾರಿ. ಹೆದರಿ ಎಂಜಿನ್ ಬಿಚ್ಚಿಸಿದ ಮೇಲೆ ಕೆಟ್ಟಿದ್ದು ಒಂದು ನಾಜಲ್ ಮಾತ್ರ ಎಂದು ಗೊತ್ತಾದರೆ ವಾರಗಟ್ಟಲೆ ಕೆಲಸ, ಕೈತುಂಬಾ ಖರ್ಚು ದಂಡ. ‘ಡೀಸೆಲ್ ಗಾಡಿ ಹೀಗೇ’ ಎಂದು ಬಿಟ್ಟುಕೊಂಡು ಓಡಿಸಿದರೆ ಉಳಿಯುವುದು ಗುಜರಿ. ಹಳೆಯ ಸೇನಾ ಟ್ರಕ್‌ಗಳ ಬ್ಲಾಕ್, ಕ್ರ್ಯಾಂಕ್‌ಶಾಫ್ಟ್ ಈಗ ಹೊಸದಾಗಿ ತಯಾರಾಗುವುದಿಲ್ಲ. ಒಡೆದ ಬ್ಲಾಕ್‌ಗೆ ಬದಲಿ ಬೇಕೆಂದರೆ ಇನ್ನೊಂದು ಹಳೆಯ ಟ್ರಕ್ ಸಾಯಬೇಕು.

ಸದ್ದಿನ ಮೂಲ ಹುಡುಕಲು ಮೆಕ್ಯಾನಿಕ್‌ಗಳು ಅನುಸರಿಸುವ ಒಂದು ಕ್ರಮ ಇದೆ. ಅದನ್ನು ವಿವರಿಸಲು ಜಗತ್ತಿನಾದ್ಯಂತ ಹಳೆಯ ಸೇನಾ ವಾಹನಪ್ರಿಯರ ಬಳಿ ಇರುವ ಅಮೆರಿಕದ ಎಂ35ಎ2 ಟ್ರಕ್ಕನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕ್ರಮ ಗೊತ್ತಾದರೆ ಯಾವುದೇ ಹಳೆಯ ಆರು ಸಿಲಿಂಡರ್ ಡೀಸೆಲ್‌ಗೂ ಅದು ಒಗ್ಗುತ್ತದೆ.

ಯಾವುದಿದು ಎಂ35ಎ2?

ವಿಯೆಟ್ನಾಂ ಯುದ್ಧದ ಸಿನಿಮಾ ನೋಡಿದವರೆಲ್ಲ ಈ ಟ್ರಕ್ ನೋಡಿರುತ್ತಾರೆ. ಉದ್ದ ಮೂತಿ, ಮೂರು ಆಕ್ಸಲ್, ಹಿಂದೆ ಕ್ಯಾನ್ವಾಸ್ ಹೊದಿಕೆ. ರಸ್ತೆಯಿಲ್ಲದ ಕಡೆಯೂ ಎರಡೂವರೆ ಟನ್ ಹೊರಬಲ್ಲದು ಎಂಬ ಲೆಕ್ಕದಲ್ಲಿ ಸೈನಿಕರು ಇದನ್ನು ‘ಡ್ಯೂಸ್ ಅಂಡ್ ಎ ಹಾಫ್’ ಎಂದು ಕರೆದರು. ಎಂ35 ಸರಣಿ 1950ರ ಆರಂಭದಲ್ಲಿ ರಿಯೋ ಕಂಪನಿಯಿಂದ ಶುರುವಾಯಿತು. ಮುಂದೆ ಕೈಸರ್ ಜೀಪ್, ಎಎಂ ಜನರಲ್ ಕಂಪನಿಗಳೂ ತಯಾರಿಸಿದವು. ಮೊದಲು ಪೆಟ್ರೋಲ್ ಎಂಜಿನ್ ಇತ್ತು. 1960ರ ದಶಕದ ಎ2 ಮಾದರಿಗೆ ‘ಮಲ್ಟಿಫ್ಯೂಯಲ್’ ಎಂಜಿನ್ ಬಂತು. ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ, ತೀರಾ ಅಗತ್ಯ ಬಿದ್ದರೆ ಪೆಟ್ರೋಲ್, ಯುದ್ಧಭೂಮಿಯಲ್ಲಿ ಯಾವುದು ಸಿಕ್ಕಿದರೂ ಓಡಬೇಕು ಎಂಬುದು ಸೇನೆಯ ಬೇಡಿಕೆಯಾಗಿತ್ತು.

ಹೆಚ್ಚಿನ ಟ್ರಕ್‌ಗಳಲ್ಲಿರುವುದು ಎಲ್‌ಡಿಟಿ-465 ಎಂಬ ಎಂಜಿನ್. ಸಾಲಾಗಿ ಆರು ಸಿಲಿಂಡರ್, 7.8 ಲೀಟರ್, ಟರ್ಬೋ ಇದೆ. ಮೂರು ಸಿಲಿಂಡರ್‌ಗೆ ಒಂದರಂತೆ ಎರಡು ಹೆಡ್. ಗರಿಷ್ಠ ವೇಗ 2600 ಆರ್‌ಪಿಎಂ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಸ್ಕ್ಯಾನರ್ ಚುಚ್ಚಲು ಜಾಗವೂ ಇಲ್ಲ. ಎಂಜಿನ್ ಏನು ಹೇಳಬೇಕೋ ಅದನ್ನು ಸದ್ದು, ಹೊಗೆ, ಆಯಿಲ್ ಮೂಲಕವೇ ಹೇಳಬೇಕು.

ಈ ಎಂಜಿನ್‌ನ ಒಳಗುಟ್ಟು ಜರ್ಮನಿಯದು. ಮಾಮೂಲಿ ಡೀಸೆಲ್‌ನಲ್ಲಿ ನಾಜಲ್‌ನಿಂದ ಚಿಮ್ಮಿದ ಇಂಧನ ಬಿಸಿ ಗಾಳಿಯಲ್ಲಿ ಬೆರೆತು, ಅದರ ಮೊದಲ ಭಾಗ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ಹಠಾತ್ ಒತ್ತಡವೇ ಡೀಸೆಲ್‌ನ ಕಟಕಟ ಸದ್ದು. ಮ್ಯಾನ್ ಕಂಪನಿಯ ಎಂಜಿನಿಯರ್ ಸೀಗ್‌ಫ್ರೀಡ್ ಮೊಯ್ರರ್ 1950ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಪಿಸ್ಟನ್ ತಲೆಯಲ್ಲಿ ಗುಂಡನೆಯ ಬಟ್ಟಲಿನಂಥ ಗುಂಡಿ ಮಾಡಿ, ಇಂಧನದ ಬಹುಪಾಲು ಅದರ ಗೋಡೆಗೆ ತೆಳ್ಳಗೆ ಹರಡುವಂತೆ ಮಾಡಿದರು. ಗೋಡೆಯ ಬಿಸಿಗೆ ಅದು ನಿಧಾನವಾಗಿ ಆವಿಯಾಗಿ ಉರಿಯುವುದರಿಂದ ಸದ್ದು ಮೆತ್ತಗಾಯಿತು. ಜನ ಅದಕ್ಕೆ ‘ಪಿಸುಮಾತಿನ ಎಂಜಿನ್’ ಎಂದೇ ಹೆಸರಿಟ್ಟರು. ಅಮೆರಿಕದ ಕಾಂಟಿನೆಂಟಲ್ ಕಂಪನಿ ಇದೇ ವಿಧಾನದ ಲೈಸೆನ್ಸ್ ಪಡೆದು ಸೇನೆಯ ಮಲ್ಟಿಫ್ಯೂಯಲ್ ಎಂಜಿನ್ ಮಾಡಿತು.

ಮ್ಯಾನ್ ಹೆಸರು ನಮ್ಮವರಿಗೂ ಹೊಸದಲ್ಲ. ಭಾರತೀಯ ಸೇನೆಯಲ್ಲಿ 1950ರ ದಶಕದ ಕೊನೆಯಿಂದ 1990ರ ದಶಕದವರೆಗೆ ಜಬಲ್‌ಪುರದಲ್ಲಿ ತಯಾರಾದ ‘ಶಕ್ತಿಮಾನ್’ ಟ್ರಕ್ ಇದೇ ಮ್ಯಾನ್ ಕಂಪನಿಯ ಲೈಸೆನ್ಸ್‌ನದು. ಸೇನೆಯಲ್ಲಿ ಡ್ರೈವರ್ ಆಗಿದ್ದವರನ್ನೋ ಇಎಂಇ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದವರನ್ನೋ ಕೇಳಿ, ಶಕ್ತಿಮಾನ್ ಕಥೆ ಒಂದು ಸಂಜೆಗೆ ಮುಗಿಯುವುದಿಲ್ಲ.

ಮೊದಲು ಸಹಜ ಸದ್ದು ಯಾವುದೆಂದು ತಿಳಿಯಿರಿ

ಎಂ35ಎ2 ಹೊಸದಾಗಿ ಕೊಂಡವರು ಹೆದರುವ ಮೊದಲ ಸದ್ದು ಸಿಳ್ಳೆ. ಆಕ್ಸಿಲರೇಟರ್ ಒತ್ತಿದಂತೆ ಕಿವಿ ಸೀಳುವಂತೆ ಏರುವ ಈ ಕಿರುಚಾಟ ಟರ್ಬೋದ್ದು, ಅದು ಸಹಜ. ಕೆಲವು ಟರ್ಬೋ ಮಾದರಿಗಳು ಇದಕ್ಕೇ ‘ವಿಸ್ಲರ್’ ಎಂದು ಹೆಸರು ಪಡೆದಿವೆ. ಅದೇ ಸಿಳ್ಳೆಯ ಜತೆ ಲೋಹಕ್ಕೆ ಲೋಹ ಉಜ್ಜಿದಂಥ ಕಿರ್ರ್ ಬೆರೆತರೆ ಸಹಜವಲ್ಲ. ಎಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಟರ್ಬೋದ ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಅಲುಗಾಡಿಸಿ ನೋಡಬೇಕು.

ಗೇರ್ ಹಾಕಿ ಓಡಿಸುವಾಗ ಕೆಳಗಿನಿಂದ ಬರುವ ಗುಂಯ್ ಎಂಬ ರೋದನ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್‌ನದು. ಮಿಲಿಟರಿ ಟ್ರಕ್‌ನಲ್ಲಿ ಅದನ್ನು ಮುಚ್ಚಿಡಲು ಯಾರೂ ರಬ್ಬರ್ ಹೊದಿಕೆ ಹಾಕಿಲ್ಲ. ತಣ್ಣಗಿರುವಾಗ ಬಿಳಿ ಹೊಗೆ, ಏರುಪೇರಾದ ಕಟಕಟ ಕೂಡ ಈ ಎಂಜಿನ್‌ನ ಹುಟ್ಟುಗುಣ. ಪಿಸ್ಟನ್ ಬಟ್ಟಲಿನ ಗೋಡೆ ಬಿಸಿಯಾಗದೆ ಇಂಧನ ಸರಿಯಾಗಿ ಆವಿಯಾಗದು, ಅಷ್ಟೇ. ಆದ್ದರಿಂದ ಚಳಿಗಾಲದ ಬೆಳಗ್ಗೆ ಮೊದಲ ಐದು ನಿಮಿಷದ ಸದ್ದು ಕೇಳಿ ತೀರ್ಪು ಕೊಡಬೇಡಿ. ನೀರಿನ ಉಷ್ಣಾಂಶ ಏರಿದ ಮೇಲೂ ಉಳಿದ ಸದ್ದೇ ವಿಚಾರಣೆಗೆ ಯೋಗ್ಯ.

ಇದಕ್ಕೆ ಒಂದು ಅಪವಾದ ಇದೆ, ಆಯಿಲ್ ಪ್ರೆಶರ್.

ಕಿವಿಗಿಂತ ಮೊದಲು ಆಯಿಲ್

ಹೊಸ ಸದ್ದು ಕೇಳಿದ ತಕ್ಷಣ ಬಾನೆಟ್ ಎತ್ತಿ ಕಿವಿ ಕೊಡುವುದು ಎಲ್ಲರ ಅಭ್ಯಾಸ. ಮೊದಲು ನೋಡಬೇಕಾದದ್ದು ಡ್ಯಾಶ್‌ಬೋರ್ಡ್‌ನ ಆಯಿಲ್ ಪ್ರೆಶರ್ ಗೇಜ್. ಮುಳ್ಳು ಕೆಳಗೆ ಬಿದ್ದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಸ್ಟಾಪ್ ಕೇಬಲ್ ಎಳೆದು ಎಂಜಿನ್ ನಿಲ್ಲಿಸಿ. ಎಂಜಿನ್ ಬಿಸಿಯಿರುವಾಗ ಪ್ರತಿ 1000 ಆರ್‌ಪಿಎಂಗೆ ಕನಿಷ್ಠ 10 ಪಿಎಸ್‌ಐ ಒತ್ತಡ ಇರಬೇಕು ಎಂಬುದು ಮೆಕ್ಯಾನಿಕ್‌ಗಳ ಹಳೆಯ ಅಂದಾಜು ಲೆಕ್ಕ. ಆಯಾ ಎಂಜಿನ್‌ನ ಕೈಪಿಡಿಯಲ್ಲಿ ನಿಖರ ಅಂಕಿ ಇರುತ್ತದೆ, ಅದೇ ಅಂತಿಮ.

ಈ ಟ್ರಕ್‌ನ ಗೇಜ್ 24 ವೋಲ್ಟ್ ವಿದ್ಯುತ್ತಿನದು. ಹಳೆಯ ಸೆಂಡಿಂಗ್ ಯೂನಿಟ್, ತುಕ್ಕು ಹಿಡಿದ ಅರ್ತಿಂಗ್ ಸೇರಿದರೆ ಅದು ಸುಳ್ಳು ಹೇಳಬಹುದು. ಅನುಮಾನ ಬಂದರೆ ಸೆಂಡಿಂಗ್ ಯೂನಿಟ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಕೂರಿಸಿ ಅಳೆಯಬೇಕು. ಸಾವಿರ ರೂಪಾಯಿ ಆಸುಪಾಸಿನ ಈ ಗೇಜ್ ಹಳೆಯ ಡೀಸೆಲ್ ಇಟ್ಟುಕೊಂಡ ಪ್ರತಿಯೊಬ್ಬರ ಬಳಿಯೂ ಇರಬೇಕಾದ ಸಾಮಾನು.

ನಂತರ ಡಿಪ್‌ಸ್ಟಿಕ್. ಆಯಿಲ್ ಕಡಿಮೆ ಇದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತು. ಹೆಚ್ಚಾಗಿದೆಯೇ ಎಂಬುದನ್ನೂ ನೋಡಿ. ಮಲ್ಟಿಫ್ಯೂಯಲ್ ಎಂಜಿನ್‌ನ ಇಂಜೆಕ್ಷನ್ ಪಂಪ್‌ಗೆ ಎಂಜಿನ್ ಆಯಿಲ್‌ನಿಂದಲೇ ಲೂಬ್ರಿಕೇಷನ್ ಆಗುತ್ತದೆ. ಪಂಪ್‌ನ ಒಳಗಿನ ಭಾಗಗಳು ಸವೆದರೆ ಡೀಸೆಲ್ ಸದ್ದಿಲ್ಲದೆ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ, ಮಾಲೀಕನಿಗೆ ‘ಆಯಿಲ್ ಒಂದು ಹನಿಯೂ ಇಳಿದಿಲ್ಲ’ ಎಂದು ಖುಷಿ. ಒಳಗೆ ಮಾತ್ರ ಆಯಿಲ್ ನೀರಿನಷ್ಟು ತೆಳ್ಳಗಾಗಿ ಬೇರಿಂಗ್‌ಗಳನ್ನು ಕಾಪಾಡುವ ಶಕ್ತಿ ಕಳೆದುಕೊಂಡಿರುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿದರೆ ಡೀಸೆಲ್ ವಾಸನೆ ಗೊತ್ತಾಗುತ್ತದೆ. ಒಂದು ಹನಿಯನ್ನು ನ್ಯೂಸ್‌ಪೇಪರ್ ಮೇಲೆ ಬಿಟ್ಟು, ಪಕ್ಕದಲ್ಲೇ ಹೊಸ ಆಯಿಲ್‌ನ ಹನಿ ಬಿಡಿ. ಡೀಸೆಲ್ ಬೆರೆತದ್ದು ಬೇಗನೆ ಅಗಲವಾಗಿ ಹರಡುತ್ತದೆ. ಹೀಗಿದ್ದರೆ ಸದ್ದು ಯಾವುದೇ ಇರಲಿ, ಪಂಪ್ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಸ್ಟಾರ್ಟ್ ಮಾಡಬಾರದು.

ಆಯಿಲ್ ಆಚೆ ನೀರು ಬೆರೆತು ಹಾಲಿನ ಚಹಾ ಬಣ್ಣಕ್ಕೆ ತಿರುಗಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕಡೆ ಬೆರಳು ತೋರಿಸುತ್ತದೆ.

ಸದ್ದಿನ ತಾಳ ಯಾವ ಕಾಲದಲ್ಲಿದೆ?

ಆಯಿಲ್ ಪ್ರೆಶರ್ ಸರಿಯಿದೆ ಎಂದಾದರೆ ಈಗ ಕಿವಿಯ ಕೆಲಸ. ಮೊದಲ ಪ್ರಶ್ನೆ ಸದ್ದು ಎಲ್ಲಿಂದ ಎಂಬುದಕ್ಕಿಂತ ಎಷ್ಟು ವೇಗದಲ್ಲಿ ಎಂಬುದು.

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ವಾಲ್ವ್, ಟ್ಯಾಪೆಟ್, ರಾಕರ್, ನಾಜಲ್ ಎಲ್ಲವೂ ಕ್ಯಾಮ್‌ಶಾಫ್ಟ್ ಲೆಕ್ಕದಲ್ಲಿ ನಡೆಯುತ್ತವೆ. ಕ್ರ್ಯಾಂಕ್ ಬೇರಿಂಗ್, ಫ್ಲೈವೀಲ್, ಡ್ಯಾಂಪರ್ ಪುಲ್ಲಿ ಇವು ಕ್ರ್ಯಾಂಕ್ ವೇಗದಲ್ಲಿ ಬಡಿಯುತ್ತವೆ. ಐಡ್ಲಿಂಗ್ 700 ಆರ್‌ಪಿಎಂ ಇದೆ ಎನ್ನಿ. ಒಂದು ವಾಲ್ವ್‌ನ ಸದ್ದು ಸೆಕೆಂಡಿಗೆ ಸುಮಾರು 6 ಬಾರಿ, ಕ್ರ್ಯಾಂಕ್‌ನದು ಸುಮಾರು 12 ಬಾರಿ. ಆರರ ಲೆಕ್ಕವನ್ನು ಬೆರಳಿನಿಂದ ಬಾನೆಟ್ ಮೇಲೆ ತಟ್ಟುತ್ತಾ ಹೇಗೋ ಹಿಂಬಾಲಿಸಬಹುದು. ಹನ್ನೆರಡಾದರೆ ಬೆರಳು ಸೋಲುತ್ತದೆ. ಸಂಗೀತ ಕಲಿತವರಿಗೆ ಸುಲಭವಾಗಿ ಹೇಳುವುದಾದರೆ, ವಾಲ್ವ್‌ಗಳದು ಮೊದಲ ಕಾಲ, ಕ್ರ್ಯಾಂಕ್‌ನದು ಎರಡನೇ ಕಾಲ.

ಮೊದಲ ಕಾಲದಲ್ಲಿ ಬರುವ ಹಗುರವಾದ ಟಿಕ್ ಟಿಕ್, ಎಂಜಿನ್‌ನ ಮೇಲ್ಭಾಗದಿಂದ ಕೇಳಿಸುವಂಥದ್ದು, ಬಹುಪಾಲು ಟ್ಯಾಪೆಟ್ ಗ್ಯಾಪ್. ಇದು ಹೆದರುವ ಸದ್ದಲ್ಲ. ರಾಕರ್ ಕವರ್ ತೆಗೆದು ಐಡ್ಲಿಂಗ್‌ನಲ್ಲಿ ಒಂದೊಂದೇ ರಾಕರ್ ಮತ್ತು ವಾಲ್ವ್ ನಡುವೆ ಫೀಲರ್ ಗೇಜ್ ಪಟ್ಟಿ ತೂರಿಸಿ. ಯಾವ ವಾಲ್ವ್‌ನಲ್ಲಿ ಪಟ್ಟಿ ಹೋದಾಗ ಟಿಕ್ ನಿಲ್ಲುತ್ತದೋ ಅದೇ ಆರೋಪಿ. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗೆ ಇನ್‌ಟೇಕ್‌ಗಿಂತ ಹೆಚ್ಚು ಗ್ಯಾಪ್ ಕೊಡುತ್ತಾರೆ. ಎರಡಕ್ಕೂ ಒಂದೇ ಅಳತೆ ಇಟ್ಟು ‘ಸದ್ದು ಹೋಯಿತು’ ಎಂದು ಖುಷಿಪಟ್ಟರೆ ಬಿಸಿಯಾದಾಗ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಇರುವ ಟ್ಯಾಪೆಟ್, ಸದ್ದೇ ಇಲ್ಲದ ಟ್ಯಾಪೆಟ್‌ಗಿಂತ ಒಳ್ಳೆಯದು ಎಂದು ಹಳೆಯ ಮೇಸ್ತ್ರಿಗಳು ಹೇಳುವುದು ಇದಕ್ಕೇ.

ಜಾಗ ಪತ್ತೆ ಮಾಡಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ತಾಗಿಸಿದರೆ ಒಳಗಿನ ಸದ್ದು ಸ್ಪಷ್ಟ. ಮೆಕ್ಯಾನಿಕ್ ಸ್ಟೆತೊಸ್ಕೋಪ್ ಇದ್ದರೆ ಇನ್ನೂ ಅನುಕೂಲ. ಫ್ಯಾನ್ ಹತ್ತಿರ ಕೆಲಸ ಮಾಡುವಾಗ ಶಾಲು, ಟವೆಲ್, ಸಡಿಲ ತೋಳು ದೂರ ಇರಲಿ. ಚಕ್ರಗಳಿಗೆ ಮರದ ತುಂಡು ಕೊಟ್ಟಿರಬೇಕು.

ಒಂದು ಮಾತು ಇಲ್ಲೇ ಹೇಳಬೇಕು. ಮೊಬೈಲ್‌ನಲ್ಲಿ ಸದ್ದು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ‘ಏನಿರಬಹುದು ಅಣ್ಣಾ?’ ಎಂದು ಕೇಳುವುದು ಈಗ ರೂಢಿ. ಮೊಬೈಲ್ ಮೈಕ್ ಮನುಷ್ಯರ ಮಾತಿಗಾಗಿ ಮಾಡಿದ್ದು. ದೊಡ್ಡ ಸದ್ದನ್ನು ತಾನೇ ತಗ್ಗಿಸುತ್ತದೆ, ತೀರಾ ಕೆಳಸ್ಥಾಯಿಯ ಸದ್ದನ್ನು ನುಂಗಿಹಾಕುತ್ತದೆ. ಅಪಾಯಕಾರಿ ಬೇರಿಂಗ್ ಬಡಿತ ಇರುವುದು ಆ ಕೆಳಸ್ಥಾಯಿಯಲ್ಲೇ. ವಿಡಿಯೋ ನೋಡಿ ‘ಟ್ಯಾಪೆಟ್ ಅಷ್ಟೇ’ ಎಂದವರ ಮಾತು ನಂಬಿ ಟ್ರಕ್ ಹೊರಡಿಸಬೇಡಿ.

ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡುವ ಪರೀಕ್ಷೆ

ಹಳೆಯ ಡೀಸೆಲ್‌ಗೆ ಇದಕ್ಕಿಂತ ಉಪಯುಕ್ತ ಪರೀಕ್ಷೆ ಇಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಒಂದು ನಾಜಲ್‌ಗೆ ಹೋಗುವ ಹೈಪ್ರೆಶರ್ ಪೈಪ್‌ನ ನಟ್ಟನ್ನು ಸ್ಪ್ಯಾನರ್‌ನಿಂದ ಸ್ವಲ್ಪ ಸಡಿಲಿಸುತ್ತಾರೆ. ಆ ಸಿಲಿಂಡರ್‌ಗೆ ಇಂಧನ ಹೋಗದೆ ಅಲ್ಲಿ ಉರಿಯುವುದು ನಿಲ್ಲುತ್ತದೆ. ಎಂಜಿನ್‌ನ ವೇಗ ತುಸು ಇಳಿಯಬೇಕು. ಇಳಿಯದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಎಂದರ್ಥ. ನಟ್ ಬಿಗಿದು ಮುಂದಿನದಕ್ಕೆ ಹೋಗಬೇಕು.

ಎಚ್ಚರಿಕೆ ಮುಖ್ಯ. ಆ ಪೈಪ್‌ನಲ್ಲಿ ನೂರಾರು ಬಾರ್ ಒತ್ತಡ ಇರುತ್ತದೆ. ಕೂದಲೆಳೆಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಡೀಸೆಲ್ ತುಂಬಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳು ಕತ್ತರಿಸಬೇಕಾಗಿ ಬರಬಹುದು. ಹಾಗೇನಾದರೂ ಆದರೆ ನೋವಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ ಡೀಸೆಲ್ ಇಂಜೆಕ್ಷನ್ ಗಾಯ ಎಂದೇ ಹೇಳಬೇಕು. ಕನ್ನಡಕ ಹಾಕಿ, ನಟ್ ಸುತ್ತ ದಪ್ಪ ಬಟ್ಟೆ ಸುತ್ತಿ, ಸೋರುವ ಡೀಸೆಲ್ ಬಿಸಿ ಎಕ್ಸಾಸ್ಟ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಒಂದು ಸುತ್ತಿನ ಕಾಲುಭಾಗ ಸಡಿಲಿಸಿದರೆ ಸಾಕು.

ಈಗ ಸದ್ದು ಏನಾಯಿತು ಎಂದು ಕೇಳಿ. ಒಂದು ಸಿಲಿಂಡರ್ ನಿಲ್ಲಿಸಿದ ಕೂಡಲೇ ಟಕ್ ಟಕ್ ಪೂರ್ತಿ ಮಾಯವಾದರೆ ನಾಜಲ್ ಮೇಲೆ ಮೊದಲ ಅನುಮಾನ. ನಾಜಲ್ ಮುಳ್ಳು ಸಿಕ್ಕಿಕೊಂಡು ಇಂಧನ ಸಿಂಪರಣೆಯಾಗದೆ ಹನಿಹನಿಯಾಗಿ ಬೀಳುತ್ತಿದ್ದರೆ ಆ ಸಿಲಿಂಡರ್ ಸುತ್ತಿಗೆಯಿಂದ ಹೊಡೆದಂತೆ ಬಡಿಯುತ್ತದೆ, ಹೊಗೆಯೂ ಹೆಚ್ಚು. ಆದರೆ ಇಲ್ಲಿಗೇ ನಿಲ್ಲುವಂತಿಲ್ಲ. ಸವೆದ ಬಿಗ್ ಎಂಡ್ ಬೇರಿಂಗ್‌ನ ಬಡಿತವೂ ಈ ಪರೀಕ್ಷೆಯಲ್ಲಿ ತಗ್ಗುತ್ತದೆ, ಯಾಕೆಂದರೆ ಪಿಸ್ಟನ್ ಮೇಲಿನ ಒತ್ತಡವೇ ಇಲ್ಲವಾಗಿರುತ್ತದೆ. ಪಿಸ್ಟನ್ ಸವೆದು ಬೋರ್‌ಗೆ ಬಡಿಯುವ ಸದ್ದೂ ಹಾಗೇ. ಅದು ತಣ್ಣಗಿರುವಾಗ ಜೋರು, ಬಿಸಿಯಾದಂತೆ ಕಡಿಮೆ. ಗಡ್ಜನ್ ಪಿನ್ ಸಡಿಲವಾಗಿದ್ದರೆ ವಿಚಿತ್ರ, ಸಿಲಿಂಡರ್ ನಿಲ್ಲಿಸಿದಾಗ ಸದ್ದು ಇನ್ನೂ ಎದ್ದು ಕೇಳಿಸುವುದೂ ಉಂಟು. ಯಾವ ಸಿಲಿಂಡರ್ ನಿಲ್ಲಿಸಿದರೂ ಬದಲಾಗದ ಸದ್ದು ಸಿಲಿಂಡರ್‌ನೊಳಗಿನದ್ದಲ್ಲ.

ನಾಜಲ್ಲೋ ಬೇರಿಂಗೋ ಎಂಬ ಗೊಂದಲಕ್ಕೆ ಸರಳ ಪರಿಹಾರ ಅದಲುಬದಲು. ಸದ್ದು ಬರುವ ಮೂರನೇ ಸಿಲಿಂಡರ್‌ನ ನಾಜಲ್ ಹೋಲ್ಡರನ್ನು ಐದಕ್ಕೆ, ಐದರದ್ದನ್ನು ಮೂರಕ್ಕೆ ಹಾಕಿ. ಸದ್ದು ನಾಜಲ್ ಜತೆ ಐದಕ್ಕೆ ಹೋದರೆ ನೆಮ್ಮದಿ, ನಾಜಲ್ ಅಂಗಡಿಯಲ್ಲಿ ಮುಗಿಯುವ ಕೆಲಸ. ಮೂರರಲ್ಲೇ ಉಳಿದರೆ ಕೆಳಗೆ ಇಳಿದು ನೋಡಬೇಕು. ಈ ಒಂದು ಪರೀಕ್ಷೆ ಮಾಡದೆಯೇ ಎಂಜಿನ್ ಬಿಚ್ಚಲು ಹೇಳುವ ಮೆಕ್ಯಾನಿಕ್ ಸಿಕ್ಕರೆ ಇನ್ನೊಬ್ಬರನ್ನು ಹುಡುಕುವುದು ಲೇಸು.

ನಮ್ಮಲ್ಲಿ ನಾಜಲ್ ಪರೀಕ್ಷೆ ಕಷ್ಟವಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಳ ಕಾಲ ದೇಶದ ಡೀಸೆಲ್ ಗಾಡಿಗಳಿಗೆ ಪಂಪ್ ಮತ್ತು ನಾಜಲ್ ಕೊಟ್ಟಿತು. ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಗ್ಯಾರೇಜ್‌ಗಳ ಬಾಯಲ್ಲಿ ಇವತ್ತಿಗೂ ‘ಮೈಕೋ ಪಂಪ್’. ಪುಣೆಯ ನಾನಾ ಪೇಠ್, ಚೆನ್ನೈನ ಪುದುಪೇಟೆ, ದೆಹಲಿಯ ಕಶ್ಮೀರಿ ಗೇಟ್‌ನಂಥ ಬಿಡಿಭಾಗ ಮಾರುಕಟ್ಟೆಗಳ ಆಸುಪಾಸು ವಿಚಾರಿಸಿದರೆ ಕೈಪಂಪ್‌ನ ಟೆಸ್ಟರ್‌ನಲ್ಲಿ ನಾಜಲ್ ಸಿಂಪರಣೆ ನೋಡಿ ಹೇಳುವವರು ಸಿಗುತ್ತಾರೆ.

ಎಂಜಿನ್‌ನದ್ದೇ ಅಲ್ಲದ ಸದ್ದುಗಳು

ಯಾವ ಸಿಲಿಂಡರ್ ನಿಲ್ಲಿಸಿದರೂ ಬದಲಾಗದ ಸದ್ದಿಗೆ ಹೊರಗೆ ಹುಡುಕಿ. ಏರ್ ಕಂಪ್ರೆಸರ್ ದೊಡ್ಡ ಮೋಸಗಾರ. ಬ್ರೇಕ್‌ಗೆ ಗಾಳಿ ತುಂಬುವ ಈ ಸಣ್ಣ ಯಂತ್ರದೊಳಗೂ ಪಿಸ್ಟನ್, ಬೇರಿಂಗ್ ಎಲ್ಲ ಇವೆ, ಸವೆದರೆ ಥೇಟ್ ರಾಡ್ ಬಡಿದಂತೆಯೇ ಬಡಿಯುತ್ತದೆ. ಗಾಳಿ ಟ್ಯಾಂಕ್ ತುಂಬಿ ಗವರ್ನರ್ ಕಂಪ್ರೆಸರನ್ನು ಬಿಡುವು ಮಾಡಿದಾಗ ಸದ್ದು ಬದಲಾಯಿತೇ? ಬ್ರೇಕ್ ನಾಲ್ಕಾರು ಸಲ ಒತ್ತಿ ಗಾಳಿ ಇಳಿಸಿದಾಗ ಮರಳಿ ಬಂತೇ? ಹಾಗಿದ್ದರೆ ಎಂಜಿನ್‌ಗೆ ಕೈ ಹಾಕುವ ಅಗತ್ಯವೇ ಇಲ್ಲ.

ಕ್ಲಚ್ ಒತ್ತಿದಾಗ ಮಾತ್ರ ಬರುವ ಕಿರ್ರ್ ರಿಲೀಸ್ ಬೇರಿಂಗ್. ಕ್ಲಚ್ ಒತ್ತಿದಾಗ ನಿಂತು, ಬಿಟ್ಟಾಗ ನ್ಯೂಟ್ರಲ್‌ನಲ್ಲೇ ಮರಳುವ ಗರಗರ ಗೇರ್‌ಬಾಕ್ಸ್‌ನ ಮುಂಭಾಗದ ಬೇರಿಂಗ್. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೆ ಟ್ಯಾಪೆಟ್‌ನಂಥದ್ದೇ ಟಿಕ್ ಟಿಕ್ ಬರುತ್ತದೆ, ಲೋಡ್ ಬಿದ್ದಾಗ ಜೋರಾಗುತ್ತದೆ, ಸೋರುವ ಜಾಗದಲ್ಲಿ ಕಪ್ಪು ಮಸಿ ಕಾಣುತ್ತದೆ. ಹೆಡ್ ಗ್ಯಾಸ್ಕೆಟ್ ಹೋದರೆ ಚಫ್ ಚಫ್ ಎಂಬ ಉಸಿರು, ರೇಡಿಯೇಟರ್‌ನಲ್ಲಿ ಗುಳ್ಳೆ. ಮಲ್ಟಿಫ್ಯೂಯಲ್ ಎಂಜಿನ್‌ಗಳಿಗೆ ಇದು ಹಳೆಯ ಕಾಯಿಲೆ.

ಸಡಿಲವಾದ ಫ್ಲೈವೀಲ್ ಬೋಲ್ಟ್ ಮತ್ತು ಕ್ರ್ಯಾಂಕ್ ಮುಂದಿನ ಡ್ಯಾಂಪರ್ ಪುಲ್ಲಿ ಬಗ್ಗೆ ಮಾತ್ರ ಉದಾಸೀನ ಬೇಡ. ಎರಡೂ ಮೇನ್ ಬೇರಿಂಗ್ ಹೋದಂತೆಯೇ ದಪ್ಪಗೆ ಬಡಿಯುತ್ತವೆ. ಎಷ್ಟೋ ಎಂಜಿನ್‌ಗಳು ಬೇರಿಂಗ್ ಹೋಗಿದೆ ಎಂದು ಬಿಚ್ಚಿಸಿಕೊಂಡಿರುವುದು ಇಂಥ ಒಂದು ಬೋಲ್ಟ್‌ಗಾಗಿ.

ಎಂಜಿನ್ ತಕ್ಷಣ ನಿಲ್ಲಿಸಬೇಕಾದ ಸದ್ದು

ಬಿಗ್ ಎಂಡ್ ಬೇರಿಂಗ್‌ನ ಬಡಿತ ಬ್ಲಾಕ್‌ನ ಕೆಳಭಾಗದಿಂದ ಬರುತ್ತದೆ. ತೆಳು ಟಿಕ್ ಅಲ್ಲ, ಮರದ ಬಾಗಿಲನ್ನು ಗೆಣ್ಣಿನಿಂದ ಬಡಿದಂಥ ಗಟ್ಟಿ ಠಕ್ ಠಕ್. ಐಡ್ಲಿಂಗ್‌ನಲ್ಲಿ ಕೇಳಿಸದೆಯೂ ಇರಬಹುದು, ಅದೇ ಇದರ ಅಪಾಯ. ಎಂಜಿನ್ ಬಿಸಿಯಾದ ಮೇಲೆ ಅರ್ಧದಷ್ಟು ವೇಗಕ್ಕೆ ಏರಿಸಿ, ಕೆಲವು ಸೆಕೆಂಡ್ ಹಿಡಿದು, ಆಕ್ಸಿಲರೇಟರ್ ಒಮ್ಮೆಲೇ ಬಿಡಿ. ವೇಗ ಇಳಿಯುವ ಆ ಕ್ಷಣದಲ್ಲಿ ಗಡಗಡ ಎಂದು ಒಂದು ಸಾಲು ಬಡಿತ ಕೇಳಿದರೆ ಬೇರಿಂಗ್ ಸಡಿಲವಾಗಿದೆ ಎಂದೇ ತಿಳಿಯಬೇಕು. ತಣ್ಣಗಿರುವಾಗ ಇಲ್ಲದೆ ಬಿಸಿಯಾದ ಮೇಲೆ ಹೆಚ್ಚುವ ಸದ್ದು, ಜತೆಗೆ ಬಿಸಿಯಲ್ಲಿ ಕುಸಿಯುವ ಆಯಿಲ್ ಪ್ರೆಶರ್, ಇವೆರಡೂ ಸೇರಿದರೆ ಈ ಪರೀಕ್ಷೆಯನ್ನೂ ಎರಡನೇ ಸಲ ಮಾಡಬೇಡಿ.

ಮೇನ್ ಬೇರಿಂಗ್ ಬಡಿತ ಇನ್ನೂ ದಪ್ಪ, ಕಿವಿಗಿಂತ ಕ್ಯಾಬಿನ್ ನೆಲಕ್ಕೆ ಊರಿದ ಪಾದಕ್ಕೆ ಮೊದಲು ತಿಳಿಯುತ್ತದೆ. ಏರಿನಲ್ಲಿ ಲೋಡ್ ಎಳೆಯುವಾಗ ಹೆಚ್ಚು.

ಯಾಕಿಷ್ಟು ಭಯ? 2600 ಆರ್‌ಪಿಎಂನಲ್ಲಿ ಪ್ರತಿ ಪಿಸ್ಟನ್ ನಿಮಿಷಕ್ಕೆ 5200 ಸಲ ನಿಂತು ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಆ ಎಳೆತ ತಡೆಯುವುದು ರಾಡ್‌ನ ಎರಡು ಬದಿಯ ಬೋಲ್ಟ್‌ಗಳು. ಬೇರಿಂಗ್‌ನಲ್ಲಿ ಕೂದಲೆಳೆಯಷ್ಟು ಹೆಚ್ಚುವರಿ ಸಂದು ಬಂದರೆ ಆಯಿಲ್ ಪದರ ನಿಲ್ಲದು. ಲೋಹ ಲೋಹಕ್ಕೆ ತಾಗಿ ಬಿಸಿ ಏರುತ್ತದೆ, ಬೇರಿಂಗ್ ಶೆಲ್ ಜಾಗ ಬಿಟ್ಟು ತಿರುಗುತ್ತದೆ, ಬೋಲ್ಟ್ ಮೇಲೆ ಸುತ್ತಿಗೆ ಪೆಟ್ಟು ಬೀಳತೊಡಗುತ್ತದೆ. ಬೋಲ್ಟ್ ಹರಿದ ಮರುಕ್ಷಣ ರಾಡ್ ಬ್ಲಾಕ್‌ನ ಗೋಡೆಯಲ್ಲಿ ಕಿಟಕಿ ಕೊರೆಯುತ್ತದೆ. ಮಲ್ಟಿಫ್ಯೂಯಲ್ ಎಂಜಿನ್‌ಗಳು ರಾಡ್ ಎಸೆಯುವುದಕ್ಕೆ ವಾಹನಪ್ರಿಯರ ನಡುವೆ ಕುಖ್ಯಾತ. ಇದಕ್ಕೆ ಘಾಟಿ ಇಳಿಯುವ ಅಭ್ಯಾಸವೂ ಒಂದು ಕಾರಣ. ಗವರ್ನರ್ ಇಂಧನವನ್ನಷ್ಟೇ ತಡೆಯಬಲ್ಲದು. ಕೆಳ ಗೇರ್‌ನಲ್ಲಿ ಇಳಿಜಾರು ಇಳಿಯುವಾಗ ಚಕ್ರಗಳೇ ಎಂಜಿನ್‌ನನ್ನು 2600 ದಾಟಿಸಿ ತಿರುಗಿಸಿದರೆ ಅದನ್ನು ತಡೆಯುವವರು ಬ್ರೇಕ್ ಒತ್ತುವ ಡ್ರೈವರ್ ಮಾತ್ರ.

ಫಿಲ್ಟರ್ ಬಿಚ್ಚಿದರೆ ಸಾಕ್ಷಿ

ಅನುಮಾನ ಬೇರಿಂಗ್ ಮೇಲೆ ಬಂದ ಮೇಲೆ ಎಂಜಿನ್ ಓಡಿಸಿ ಖಚಿತಪಡಿಸಿಕೊಳ್ಳುವ ಆಸೆ ಬಿಡಿ. ಸಾಕ್ಷಿ ಆಯಿಲ್ ಫಿಲ್ಟರ್‌ನಲ್ಲಿ ಕೂತಿರುತ್ತದೆ. ಎಂ35ಎ2ರಲ್ಲಿ ಎರಡು ದೊಡ್ಡ ಡಬ್ಬಿಯಂಥ ಫಿಲ್ಟರ್‌ಗಳಿವೆ. ಒಳಗಿನ ಎಲಿಮೆಂಟ್ ಕತ್ತರಿಸಿ, ಮಡಿಕೆ ಬಿಡಿಸಿ ಬಿಸಿಲಿನಲ್ಲಿ ಹರಡಿ. ಸಂಪ್‌ನಿಂದ ಇಳಿಸಿದ ಆಯಿಲ್ಲನ್ನೂ ತೆಳು ಬಟ್ಟೆಯಲ್ಲಿ ಸೋಸಿ.

ಆಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣ. ಗೇರ್, ರಿಂಗ್, ಲೈನರ್, ಕ್ಯಾಮ್ ಕಡೆಯಿಂದ ಬಂದದ್ದು. ಅಂಟದೆ ಬೆಳ್ಳಗೆ ಮಿನುಗುವ ಹಗುರ ಚೂರು ಪಿಸ್ಟನ್‌ನ ಅಲ್ಯೂಮಿನಿಯಂ ಇರಬಹುದು. ಮೆತ್ತಗಿನ ಬೂದು ಹೊಟ್ಟು ಬೇರಿಂಗ್‌ನ ಮೇಲ್ಪದರ. ತಾಮ್ರದ ಬಣ್ಣ ಕಂಡರೆ ಮೇಲ್ಪದರ ಸವೆದು ಒಳಪದರ ಹೊರಬಿದ್ದಿದೆ ಎಂದರ್ಥ, ಆಗ ಚರ್ಚೆ ಮುಗಿಯಿತು. ನಾಲ್ಕಾರು ಮಿನುಗು ಕಣ ಯಾವ ಹಳೆಯ ಎಂಜಿನ್‌ನಲ್ಲೂ ಸಿಗುತ್ತದೆ. ಉಗುರಿನಲ್ಲಿ ಎತ್ತಬಹುದಾದ ಚೂರುಗಳು ಸಿಗಬಾರದು.

ಹೀಗೆ ಸಾಕ್ಷಿ ಸಿಕ್ಕ ಮೇಲೆ ಸಂಪ್ ಇಳಿಸಿ, ಆರೋಪಿ ಸಿಲಿಂಡರ್‌ನ ರಾಡ್ ಕ್ಯಾಪ್ ಬಿಚ್ಚಿ ನೋಡುತ್ತಾರೆ. ಕ್ರ್ಯಾಂಕ್‌ನ ಮೈ ನುಣುಪಾಗಿ, ಉಗುರಿಗೆ ಗೀರು ಸಿಗದಂತಿದ್ದರೆ ಅದೃಷ್ಟ, ಹೊಸ ಶೆಲ್ ಹಾಕಿ ಸಂದು ಅಳೆದರೆ ಆಯಿತು. ಗೀರು ಬಿದ್ದಿದ್ದರೆ ಕ್ರ್ಯಾಂಕ್ ಹೊರಗೆ ಬರಬೇಕು, ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹುಡುಕಬೇಕು. ರಾಡ್ ಬೋಲ್ಟ್‌ಗಳನ್ನು ಮಾತ್ರ ಹಳೆಯದನ್ನೇ ಹಾಕುವ ಉಳಿತಾಯ ಮಾಡಬಾರದು.

ವರ್ಷಗಟ್ಟಲೆ ನಿಂತ ಟ್ರಕ್ ಆದರೆ

ಹರಾಜಿನಲ್ಲಿ ಕೊಂಡ ಟ್ರಕ್‌ಗಳ ಕಥೆ ಸ್ವಲ್ಪ ಬೇರೆ. ನಿಂತಲ್ಲೇ ನಿಂತ ಎಂಜಿನ್‌ನಲ್ಲಿ ವಾಲ್ವ್ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು, ಮೊದಲ ಸ್ಟಾರ್ಟ್‌ನಲ್ಲೇ ಪುಶ್‌ರಾಡ್ ಬಾಗಿ ಜೋರಾಗಿ ಕಟಕಟಿಸುತ್ತದೆ. ಬ್ಯಾಟರಿ ಜೋಡಿಸುವ ಮುನ್ನ ಎಂಜಿನ್ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲ ವಾಲ್ವ್ ಏರಿಳಿಯುವುದನ್ನು ರಾಕರ್ ಕವರ್ ತೆಗೆದು ನೋಡಬೇಕು.

ಇನ್ನೊಂದು ಅಪಾಯ ಇಂಜೆಕ್ಷನ್ ಪಂಪ್‌ನಲ್ಲಿದೆ. ಹಳಸಿದ ಡೀಸೆಲ್ ಅಂಟಾಗಿ ಒಳಗಿನ ಭಾಗಗಳು ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಸ್ಟಾರ್ಟ್ ಆದ ಎಂಜಿನ್ ಹಿಡಿತ ತಪ್ಪಿ ಏರುತ್ತಲೇ ಹೋಗುತ್ತದೆ, ಕೀಲಿ ತಿರುಗಿಸಿದರೆ ಡೀಸೆಲ್ ನಿಲ್ಲುವುದಿಲ್ಲ. ಅದಕ್ಕೇ ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬರು ಸ್ಟಾಪ್ ಕೇಬಲ್ ಹಿಡಿದು ಕೂತಿರುತ್ತಾರೆ, ಇನ್ನೊಬ್ಬರು ಏರ್ ಕ್ಲೀನರ್ ಕಳಚಿದ ಬಾಯಿಯ ಪಕ್ಕ ದಪ್ಪ ಹಲಗೆ ಹಿಡಿದು ನಿಂತಿರುತ್ತಾರೆ. ಗಾಳಿ ಮುಚ್ಚಿದರೆ ಯಾವ ಡೀಸೆಲ್ ಕೂಡ ನಿಲ್ಲುತ್ತದೆ. ಕೈಯನ್ನೋ ಬಟ್ಟೆಯನ್ನೋ ಆ ಬಾಯಿಗೆ ಅಡ್ಡ ಕೊಡಬಾರದು, ಎಳೆದುಕೊಳ್ಳುತ್ತದೆ.

ಹೊಸ ಬೇರಿಂಗ್ ಹಾಕಿದ ಎಂಜಿನ್‌ಗೂ, ಬಹುಕಾಲ ನಿಂತ ಎಂಜಿನ್‌ಗೂ ಕೊನೆಯ ಹೆಜ್ಜೆ ಒಂದೇ. ಸ್ಟಾಪ್ ಕೇಬಲ್ ಪೂರ್ತಿ ಎಳೆದಿಟ್ಟು, ಇಂಧನ ಹೋಗದಂತೆ ಮಾಡಿ, ಸ್ಟಾರ್ಟರ್‌ನಲ್ಲಿ ಎಂಜಿನ್ ತಿರುಗಿಸುತ್ತಾರೆ. ಒಮ್ಮೆಗೆ ಮೂವತ್ತು ಸೆಕೆಂಡ್ ಮೀರದಂತೆ, ನಡುವೆ ಸ್ಟಾರ್ಟರ್ ತಣ್ಣಗಾಗಲು ಬಿಟ್ಟು, ನಾಲ್ಕೈದು ಸಲವಾದರೂ ಸರಿ. ಆಯಿಲ್ ಎಲ್ಲ ಬೇರಿಂಗ್‌ಗೂ ತಲುಪಿ ಮೆಕ್ಯಾನಿಕಲ್ ಗೇಜ್‌ನ ಮುಳ್ಳು ಮೇಲೆದ್ದ ನಂತರ ಕೇಬಲ್ ಒಳಗೆ ತಳ್ಳಿ ಸ್ಟಾರ್ಟ್ ಮಾಡುತ್ತಾರೆ.